ನಾಲ್ಕು ತುಂಡಾದ ದೆವ್ವದ ಕಾದಂಬರಿ

ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಹಾಕಿ ಕುದಿಸಿದಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ತಾಮ್ರ, ಸ್ವಲ್ಪ ಹಬೆಯಾಡುವ ಗಂಜಿ. ಕಲಬುರಗಿಯ ಸೂಪರ್ ಮಾರ್ಕೆಟ್‌ನ ಹಿಂದಿನ ಓಣಿಯಲ್ಲಿ ಇನ್ನೂ ಕೈಯಿಂದ ಪುಸ್ತಕ ಹೊಲಿಯುವ ಅಂಗಡಿ ಒಂದು ಉಳಿದಿದೆ. ಕಳೆದ ತಿಂಗಳು ತೊಗರಿಬೇಳೆ ತೂಗಿಸಿಕೊಂಡು ಆಟೋ ಹಿಡಿಯಲು ಆ ಓಣಿ ಹೊಕ್ಕಾಗ ಈ ವಾಸನೆ ಬಂತು. ನಾನು ದಾರಿಯಲ್ಲಿ ಸುಮ್ಮನೆ ನಿಲ್ಲುವವಳಲ್ಲ, ಆದರೆ ಅಂದು ನಿಂತೆ. ಅದೇ ಸಂಜೆ ಜೇವರ್ಗಿ ಕಾಲೋನಿಯ ನಮ್ಮ ಓದುಗರ ಕೂಟದಲ್ಲಿ ಒಂದು ಹಳೆಯ ದೆವ್ವದ ಕಾದಂಬರಿಯ ಚರ್ಚೆ ಇತ್ತು. ಬಹಳ ಉದ್ದದ್ದು, ಬಹಳ ಹೆಸರಾದದ್ದು. ಕೂಟ ಎರಡು ಪಾಲಾಗಿತ್ತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, "ಮೊದಲಿನ ಅರ್ಧ ಕಿತ್ತು ಒಗೀಬೇಕ್ರೀ. ದೆವ್ವ ಬರೂದ್ರೊಳಗ ಓದಾವನ ದೆವ್ವ ಆಗ್ತಾನ" ಎಂದರು. ಟ್ಯೂಷನ್ ಹೇಳುವ ಹೆಣ್ಣುಮಗಳೊಬ್ಬಳು, "ಅಷ್ಟು ಉದ್ದ ಇದ್ದದ್ದಕ್ಕ ನನಗ ಜ್ವರ ಬಂದಂಗ ಆತ್ರೀ" ಎಂದಳು. ನನ್ನ ಸರದಿ ಬಂದಾಗ ನಾನು ಹೇಳಿದ್ದು ಇಷ್ಟೇ: ಈ ಜಗಳ ನನ್ನ ಬಾಲ್ಯದಲ್ಲೇ, ಕಮಲಾಪುರದ ನಮ್ಮ ಪಡಸಾಲೆಯಲ್ಲಿ ತೀರ್ಮಾನವಾಗಿದೆ.

ಆ ಮನೆ ಹುಮನಾಬಾದ್ ರಸ್ತೆಗೆ ತಾಗಿದ ಓಣಿಯಲ್ಲಿತ್ತು. ಕಲ್ಲಿನ ಗೋಡೆ, ಫರಸಿ ನೆಲ, ಒಳಕೋಣೆಯ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಕೆಂಪು ಬಾಳೆಯ ಗೊನೆಗಳು. ನಮ್ಮ ಮುತ್ಯಾ, ಎಂದರೆ ಅಪ್ಪನ ಅಪ್ಪ, ಆ ಮನೆಯನ್ನು ಗಡಿಯಾರದ ಹಾಗೆ ನಡೆಸುತ್ತಿದ್ದರು. ಏಳುವುದಕ್ಕೆ, ಲಿಂಗಪೂಜೆಗೆ, ಊಟಕ್ಕೆ, ಮಧ್ಯಾಹ್ನದ ಓದಿಗೆ ಹೊತ್ತು ನಿಗದಿಯಾಗಿತ್ತು. ಊಟಕ್ಕೆ ಒಬ್ಬರು ಮೊದಲು, ಒಬ್ಬರು ಆಮೇಲೆ ಎಂಬುದು ನಡೆಯುತ್ತಿರಲಿಲ್ಲ. ಎಲ್ಲರೂ ಕೂತ ಮೇಲೆ ಎಲ್ಲರೂ ಒಟ್ಟಿಗೆ ರೊಟ್ಟಿ ಮುರಿಯಬೇಕು. ಇಂದಿಗೂ ನನ್ನ ದಿನ ಆ ಕ್ರಮದಲ್ಲೇ ಸಾಗುತ್ತದೆ, ಅದಕ್ಕೆ ನನಗೆ ವಿಷಾದವಿಲ್ಲ.

ಆ ಬೇಸಿಗೆಯಲ್ಲಿ ಮನೆಯ ದೊಡ್ಡ ಪ್ರಶ್ನೆ ಗೌರತ್ತೆಯದು. ಗೌರತ್ತೆ ಅಪ್ಪನ ತಂಗಿ. ಹತ್ತನೆಯದು ಪಾಸಾಗಿದ್ದಳು, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಬೇಕೆಂದು ಹಟ ಹಿಡಿದಿದ್ದಳು. ಮುತ್ಯಾನ ತಕರಾರು ಕಲಿಯುವುದರ ಬಗ್ಗೆ ಇರಲಿಲ್ಲ. "ಹಲ್ಲಿ ಬಿದ್ರ ಚೀರ್ತಿ, ಆಕಳು ಒದರಿದ್ರ ಒಳಗ ಓಡ್ತಿ. ಅಷ್ಟು ದೊಡ್ಡ ಊರಾಗ ಒಬ್ಬಾಕಿ ಹ್ಯಾಂಗ ಇರ್ತಿ?" ಎನ್ನುತ್ತಿದ್ದರು. ಆಗ ಕಲಬುರಗಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಅಲ್ಲೇ ಮಲಗಿ, ಶನಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ನಮ್ಮ ಕಾಕಾ, ಅಪ್ಪನ ತಮ್ಮ, ಒಂದು ಶನಿವಾರ ಆ ಕಾದಂಬರಿ ಹೊತ್ತು ತಂದ. ಇಟ್ಟಿಗೆಯಷ್ಟು ದಪ್ಪ. ಅದರ ಕಥೆ ಒಂದು ಊರಿನದು. ಅಲ್ಲಿ ಯಾವುದೋ ಒಂದು, ಸತ್ತ ಆಪ್ತರ ದನಿಯಲ್ಲಿ ಬಾಗಿಲಲ್ಲಿ ನಿಂತು ಕರೆಯುತ್ತದೆ. ಓಗೊಟ್ಟು ಹೊರಗೆ ಹೋದವರು ತಿರುಗಿ ಬರುವುದಿಲ್ಲ. "ಇದನ್ನ ಅಂಜಲಾರದ ಮುಗಸ್ಲಿ ಗೌರಿ. ಆಮ್ಯಾಲ ಕಾಲೇಜಿಗಿ ಕಳಸ್ರಿ" ಎಂದು ಕಾಕಾ ನಗುತ್ತ ಹೇಳಿದ. ಮುತ್ಯಾನ ಎದುರು ನಗೆಚಾಟಿಕೆ ನಡೆಯುತ್ತಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, "ಆತು" ಎಂದರು. ಮಾತು ಕೊಟ್ಟಂತಾಯಿತು.

ಆದರೆ ಪುಸ್ತಕ ಒಂದೇ, ಓದಿನ ಗೋಜಿಗೆ ಹೋಗದ ಅಪ್ಪನನ್ನು ಬಿಟ್ಟು ಓದುವವರು ನಾಲ್ವರು: ಮುತ್ಯಾ, ನಮ್ಮ ಅವ್ವ, ಕಾಕಾ, ಅತ್ತೆ. ಒಬ್ಬರು ಉಣ್ಣುವಾಗ ಮೂವರು ಕಾಯುವುದು ನಮ್ಮ ಮನೆಯ ರೀತಿಯಲ್ಲ. ಮುತ್ಯಾ ಇದ್ದಿಲ ಒಲೆಯ ಮೇಲೆ ಅದೇ ಮೈಲುತುತ್ತದ ಅಂಟು ಕಾಯಿಸಿದರು, ಪುಸ್ತಕದ ಬೆನ್ನು ಬಿಚ್ಚಿ ನಾಲ್ಕು ತುಂಡು ಮಾಡಿದರು, ದಬ್ಬಳದಿಂದ ಹೊಲಿದು ಒಂದೊಂದಕ್ಕೂ ರಟ್ಟು ಹಾಕಿದರು. ಆಮೇಲೆ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ವಾರಕ್ಕೊಮ್ಮೆ, ಸೋಮವಾರ ಪೂಜೆಯ ನಂತರ, ತುಂಡುಗಳು ಕೈ ಬದಲಾಗಬೇಕು. ಇದರಲ್ಲಿ ಏನು ತಪ್ಪೆಂದು ಯಾರಿಗೂ ಹೊಳೆಯಲಿಲ್ಲ. ಶ್ರಾವಣದಲ್ಲಿ ನಾವು ಪುರಾಣ ಓದುತ್ತಿದ್ದದ್ದೇ ಹಾಗೆ. ಯಾವ ಅಧ್ಯಾಯ ತೆರೆದರೂ ಕಥೆ ಮೊದಲೇ ಗೊತ್ತು, ಎಲ್ಲಿಂದ ಓದಿದರೂ ಪುಣ್ಯ ಒಂದೇ. ಅವ್ವ ಮಾತ್ರ ಒಂದು ಷರತ್ತು ಹಾಕಿದಳು: ದೀಪ ಹಚ್ಚಿದ ಮೇಲೆ ಆ ಪುಸ್ತಕ ಯಾರೂ ಮುಟ್ಟಕೂಡದು. ಹಾಗಾಗಿ ನಮ್ಮ ಮನೆಯಲ್ಲಿ ದೆವ್ವ ಬಂದದ್ದು ಸುಡು ಬಿಸಿಲಿನಲ್ಲಿ, ಫರಸಿಗೆ ನೀರು ಚಿಮುಕಿಸಿಕೊಂಡು ಎಲ್ಲರೂ ಅಡ್ಡಾದ ಹೊತ್ತಿನಲ್ಲಿ. ಗೌರತ್ತೆ ಮೆಲ್ಲಗೆ ದನಿ ಮಾಡಿ ಓದುವಳು, ನಾನು ಅವಳ ಪಕ್ಕದಲ್ಲಿ ಬಾಳೆಹಣ್ಣು ಸುಲಿಯುತ್ತ ಕೇಳುವೆ.

ಮೊದಲ ಸೋಮವಾರದಿಂದಲೇ ಜಗಳ ಹತ್ತಿತು. ಕಾಕಾನಿಗೆ ಮೊದಲ ತುಂಡು ಬಂದಿತ್ತು. "ಫಾಲ್ತು ಪುಸ್ತಕ. ಯಾರ ಮನ್ಯಾಗ ಏನ್ ಪಲ್ಯಾ ಮಾಡ್ಯಾರ ಅಂಬೋದ ಬರದಾನ. ದೆವ್ವ ಎಲ್ಲದ?" ಎಂದು ಅದನ್ನು ಇಟ್ಟವನು ಉಳಿದದ್ದು ಮುಟ್ಟಲೇ ಇಲ್ಲ. ಒಂದು ತುತ್ತಿಗೆ ಅನ್ನದ ಹದ ತಿಳಿಯುತ್ತದೆ ಎಂಬುದು ಅವನ ವಾದ. ಅವ್ವನಿಗೆ ಕೊನೆಯ ತುಂಡು. ಊರು ಖಾಲಿಯಾಗಿ ಬಾಗಿಲುಗಳು ಗಾಳಿಗೆ ಬಡಿದುಕೊಳ್ಳುವುದನ್ನು ಮೊದಲೇ ಓದಿದ್ದರಿಂದ, ಮುಂದೆ ಯಾವ ತುಂಡಿನಲ್ಲಿ ಯಾರು ನಕ್ಕರೂ ಅವಳು ಸೆರಗಿನಿಂದ ಕಣ್ಣೊರೆಸುತ್ತಿದ್ದಳು. "ಇದು ದೆವ್ವದ ಕಥಿ ಅಲ್ಲ, ಹಾಳಾದವರ ಕಥಿ" ಎನ್ನುವಳು. ಎರಡನೆಯದರಿಂದ ಶುರು ಮಾಡಿದ ಮುತ್ಯಾನಿಗೆ ಹೆದರಿಕೆಯೂ ಇಲ್ಲ, ಅಳುವೂ ಇಲ್ಲ. "ಗುರ್ತಿಲ್ಲದ ಮಂದಿ ಹೋಗ್ಯಾರ. ನನಗೇನು?" ಗೌರತ್ತೆ ಮೂರನೆಯದರಿಂದ ಹೊರಟಿದ್ದಳು. ನಾಲ್ಕೂ ತುಂಡು ಮುಗಿದ ಮೇಲೆ ಅವನ್ನೆಲ್ಲ ಬೇಡಿ ತೆಗೆದುಕೊಂಡು, ಒಂದರ ಮೇಲೊಂದು ಸರಿಯಾಗಿ ಜೋಡಿಸಿಕೊಂಡು, ಮೊದಲಿನಿಂದ ಮತ್ತೆ ಓದಲು ಕೂತಳು. ಈ ಸಲ ಮೂರನೆಯ ತುಂಡಿಗೆ ಬಂದಾಗ ಆ ಉರಿಬಿಸಿಲಿನಲ್ಲಿ ಅವಳ ತೋಳಿನ ಮೇಲೆ ಮುಳ್ಳು ಎದ್ದದ್ದನ್ನು ನಾನು ಕಂಡೆ.

ಕಾಲೇಜು ತೆರೆಯುವ ಮುಂಚಿನ ಭಾನುವಾರ ಮುತ್ಯಾ ಎಲ್ಲರನ್ನೂ ಪಡಸಾಲೆಗೆ ಕರೆದರು. "ಗೌರಾ, ಅಂಜಿಕಿ ಬಂತೋ ಇಲ್ಲೋ?" ಮುತ್ಯಾನ ಬೆನ್ನ ಹಿಂದೆ ನಿಂತ ಕಾಕಾ, ಇಲ್ಲ ಅನ್ನು ಎಂದು ಕಣ್ಣು ಮಿಟುಕಿಸಿದ. ಒಂದು ಸುಳ್ಳು ಸಾಕಾಗಿತ್ತು. ಅತ್ತೆ ಸೆರಗಿನ ತುದಿ ಹಿಡಿದುಕೊಂಡಳು.

"ಬಂತ್ರೀ ಅಪ್ಪಾ. ಭಾಳ ಬಂತು."

"ಮುಗೀತು ತಗೋ. ಇನ್ನ ಗಂಟು ಬಿಚ್ಚು" ಎಂದ ಕಾಕಾ.

"ಮೊದಲನೇ ಸಲ ಬರಲಿಲ್ರೀ" ಎಂದಳು ಅತ್ತೆ, ಅವನ ಕಡೆ ನೋಡದೆ. "ಯಾವಾಕಿನೋ ಬಾಗಲಾ ತಗದು ಹೋದಳು, ಹೋಗಲಿ ಅಂದೆ. ಮೊದಲಿಂದ ಓದಿದ ಮ್ಯಾಲ ಆಕಿ ಯಾರಂತ ತಿಳೀತು. ಆಕಿ ಮನ್ಯಾಗ ಏನ್ ಪಲ್ಯಾ ಅಂತ ಸೈತ ಗೊತ್ತಿತ್ತು. ಆಗ, ಹೋಗಬ್ಯಾಡ ಅಂದೆ. ಗುರ್ತಿನವರ ಸಲುವಾಗೇ ಅಂಜಿಕಿ ಬರ್ತದ್ರೀ. ಖರೇ ಹೇಳ್ತೀನಿ, ಅಂಜೀನಿ. ಪುಸ್ತಕ ಮಾತ್ರ ಕೆಳಗ ಇಟ್ಟಿಲ್ಲ."

ಮುತ್ಯಾ ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದರು.

"ಅಂಜಿಕೋತನೇ ಮುಗಿಸಿದಿ?"

"ಹೂಂನ್ರಿ."

"ಹಂಗಿದ್ರ ಹೋಗು. ಶನಿವಾರ ಸಂಜೀ ಬಸ್ಸಿಗಿ ಮನೀಗ ಬರಬೇಕು."

ಗೌರತ್ತೆ ಹೋದಳು, ಕಲಿತಳು, ಕಲಬುರಗಿಯಲ್ಲೇ ಕೆಲಸ ಹಿಡಿದಳು. ಮುಂದೆ ನನ್ನನ್ನೂ ಕರೆಸಿಕೊಂಡು ಓದಿಸಿದಳು. ನನ್ನ ಅಭಿಪ್ರಾಯ ಅಂದು ರೂಪಗೊಂಡಿತು, ಕೂಟದಲ್ಲಿ ಎಷ್ಟು ಜನ ಎಷ್ಟೇ ವಾದಿಸಿದರೂ ಅದು ಬದಲಾಗುವಂಥದಲ್ಲ. ಆ ಪುಸ್ತಕದಿಂದ ಒಂದು ಹಾಳೆಯನ್ನೂ ಕಿತ್ತು ಹಾಕುವಂತಿಲ್ಲ. ಆದರೆ ಅದನ್ನು ನನಗೆ ಕಲಿಸಿದ ನಾಲ್ವರಲ್ಲಿ ಈಗ ಒಬ್ಬರೂ ಇಲ್ಲ. ರಸ್ತೆ ಅಗಲವಾದಾಗ ಮನೆಯ ಮುಂಭಾಗ ಹೋಯಿತು, ಉಳಿದದ್ದನ್ನು ಮಾರಿದೆವು. ಗೌರತ್ತೆ ಕಾಲೇಜಿಗೆ ಹೋದ ಮೇಲೆ, ಎಲ್ಲರೂ ಒಂದೇ ಪುಸ್ತಕ ಹಿಡಿದ ಬೇಸಿಗೆ ಆ ಪಡಸಾಲೆಯಲ್ಲಿ ಮತ್ತೆ ಬರಲಿಲ್ಲ.

ಅತ್ತೆ ಹಾಸ್ಟೆಲಿಗೆ ಹೋದ ಮೊದಲ ತಿಂಗಳಲ್ಲಿ ಮುತ್ಯಾ ತಾವೇ ಆ ಕಾದಂಬರಿಯನ್ನು ಒಂದನೆಯ ತುಂಡಿನಿಂದ ಓದತೊಡಗಿದರು. ಆಗಿನಿಂದ ಪ್ರತಿ ಶನಿವಾರ ಸಂಜೆ, ಎಂದೂ ಬಿಡದ ಪೂಜೆಯ ಹೊತ್ತನ್ನು ಮುಂದೂಡಿ, ಅವರು ರಸ್ತೆಯ ಬದಿಗೆ ಹೋಗಿ ನಿಲ್ಲುತ್ತಿದ್ದರು. ನಾನು ಜೊತೆಗೆ ನಿಂತರೆ, "ಮನೀಗ ನಡಿ. ನಾ ಸುಮ್ಮ ಗಾಳಿಗಿ ನಿಂತೀನಿ" ಎನ್ನುವರು. ಎಲೆ ಅಲುಗುತ್ತಿರಲಿಲ್ಲ. ತಿರುವಿನಲ್ಲಿ ಬಸ್ಸು ಕಂಡು, ಕಿಟಕಿಯಲ್ಲಿ ಮಗಳ ಮುಖ ಗುರುತಾದ ಕೂಡಲೇ ಹೊರಳಿ ಮನೆಯ ಕಡೆ ಹೆಜ್ಜೆ ಹಾಕುವರು, ಕಾದದ್ದು ಅವಳಿಗೆ ತಿಳಿಯಬಾರದೆಂದು. ಬಸ್ಸಿನಿಂದ ಇಳಿದ ಗೌರತ್ತೆಗೆ ಓಣಿಯ ತುದಿಯಲ್ಲಿ ಮುಂದೆ ಮುಂದೆ ಹೋಗುವ ಮುತ್ಯಾನ ತಲೆಯ ಬಿಳಿ ರುಮಾಲು ಕಾಣುತ್ತಿತ್ತು. ಅವಳು ಕೂಗುತ್ತಿರಲಿಲ್ಲ. ತನ್ನ ನಡಿಗೆಯನ್ನು ಸಾವಕಾಶ ಮಾಡಿ, ಅವರು ಮನೆ ಸೇರಿ ಕುರ್ಚಿಯಲ್ಲಿ ಕೂಡುವಷ್ಟು ಹೊತ್ತು ಕೊಟ್ಟು, ಆಮೇಲೆ ಹೊಸಿಲು ದಾಟುತ್ತಿದ್ದಳು.