ಬಂಟ್ವಾಳದಿಂದ ಹಿಂದಕ್ಕೆ

ಬೆಳ್ತಂಗಡಿಯಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಒಂದು ಜೂನ್ ತಿಂಗಳು. ಹೋಗಬೇಕಾದದ್ದು ಮಂಗಳೂರಿನ ಕಾಲೇಜಿಗೆ. ಬಂಟ್ವಾಳದ ಮೇಲೆ ನೇರ ಹೋದರೆ ಮಧ್ಯಾಹ್ನದೊಳಗೆ ತಲುಪಬಹುದಿತ್ತು. ಮೂಡಬಿದ್ರೆಯ ಸುತ್ತು ದಾರಿ ಹಿಡಿದದ್ದು ಹೆಂಡತಿಯ ಮಾತಿಗೆ.

ಆರು ವರ್ಷದ ಹಿಂದೆ ಬಿ.ಎ.ಯ ಕೊನೆಯ ಪರೀಕ್ಷೆಗೆ ಹೆದರಿ, ಕೂರದೆ ಊರಿಗೆ ಓಡಿ ಬಂದವನು ನಾನು. ಪಾಸಾಯಿತೆಂದು ಎಲ್ಲರಿಗೂ ಹೇಳಿದೆ. ಆ ಸುಳ್ಳು ನನ್ನ ಮದುವೆಯ ಕಾಗದದಲ್ಲಿ ಹೆಸರಿನ ಮುಂದೆ ಅಚ್ಚಾಯಿತು. ಮರದ ಡಿಪೋ ಒಂದರಲ್ಲಿ ಗುಮಾಸ್ತನಾದೆ. ಆದರೂ ಓದು ಮುಗಿಸಬೇಕೆಂಬ ಆಸೆ ಬಿಡಲಿಲ್ಲ. ಈ ಬೇಸಿಗೆಯಲ್ಲಿ ಗುಟ್ಟಾಗಿ ಕಾಲೇಜಿಗೆ ಬರೆದೆ. ಬಂದ ಉತ್ತರವನ್ನು ಒಡೆದು ಓದಿದವಳು ಹೆಂಡತಿ ಸುಮತಿ. ಅವಳು ಕೂಗಾಡಲಿಲ್ಲ. “ಕಾಲೇಜಿಗೆ ಹೋಗಿ. ನಾನು ಹೊಲಿಗೆ ಮಾಡಿ ಮನೆ ನೋಡಿಕೊಳ್ತೇನೆ. ಆದ್ರೆ ಮೊದಲು ಮೂಡಬಿದ್ರೆಗೆ ಹೋಗಿ ನನ್ನ ಅಪ್ಪನಿಗೆ ನೀವೇ ಹೇಳಬೇಕು” ಎಂದಳು.

ನಯಾಪೈಸೆ ಬಂದು ವರ್ಷಗಳಾಗಿದ್ದರೂ ಕಂಡಕ್ಟರ್ ಆಣೆಯಲ್ಲೇ ಕೇಳುತ್ತಿದ್ದ. ಮೂಡಬಿದ್ರೆಗೆ ಹದಿನಾಲ್ಕಾಣೆ. ವೇಣೂರಿನಲ್ಲಿ ಮಳೆ ಜೋರಾಗಿ, ಬದಿಯ ಟಾರ್ಪಾಲು ಇಳಿಸಿದರು. ಪಕ್ಕದಲ್ಲಿದ್ದವರು ಪರಿಚಯದ ಒಣಮೀನಿನ ವ್ಯಾಪಾರಿ ಹಸನಬ್ಬ. ಕಿಸೆಯಿಂದ ಇಂಗ್ಲಿಷಿನ ಒಂದು ನೋಟೀಸು ತೆಗೆದು, “ನೀವು ಬಿ.ಎ. ಅಲ್ವಾ, ಇದೊಂದು ಓದಿ ಹೇಳಿ ಮಾರಾಯ್ರೆ” ಎಂದರು. ಓದಿ ಹೇಳಿದೆ. “ಕಲಿತವರು ಹತ್ತಿರ ಇದ್ರೆ ಒಂದು ಧೈರ್ಯ” ಎಂದು ನನ್ನ ಕೈ ಹಿಡಿದರು. ಬಿ.ಎ. ಅಲ್ಲ ಎನ್ನದೆ ನೋಟೀಸು ಮಡಿಸಿ ಕೊಟ್ಟೆ.

ಮಾವನದು ಮೂಡಬಿದ್ರೆಯ ಬಸದಿಯ ಬೀದಿಯಲ್ಲಿ ಪಾತ್ರೆ ಅಂಗಡಿ. ಗಿರಾಕಿ ಇಳಿದು ಹೋಗುವುದನ್ನೇ ಕಾದು, ನನ್ನ ಬಿ.ಎ. ಆಗಿಲ್ಲವೆಂದು ಹೇಳಿದೆ. ಅವರು ಕೈಯಲ್ಲಿದ್ದ ಹಿತ್ತಾಳೆ ಚೆಂಬನ್ನು ನೆಲಕ್ಕಿಟ್ಟರು.

“ಸುಮತಿಗೆ ಗೊತ್ತುಂಟಾ?”

“ಹೋದ ವಾರ ಗೊತ್ತಾಯಿತು.”

“ಈ ಪೇಟೆಯಲ್ಲಿ ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೇನೆ! ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಲ್ಲ.”

ಅಂಗಡಿಯ ಬಾಗಿಲು ಎಳೆದರು. ಮನೆಗೆ ಕರೆದೊಯ್ದು, ಮನೆಯವರಿಗೆ ವಿಷಯ ತಿಳಿಸಿ ಊಟ ಹಾಕಿಸಿದರು. ಹೊರಡುವಾಗ ಕಿರಿಯ ಮಗಳು ಪದ್ಮಾವತಿಯನ್ನು ನನ್ನ ಜೊತೆಗೆ ಕಳಿಸಿದರು. “ಬಂಟ್ವಾಳದಲ್ಲಿ ಚಿಕ್ಕಮ್ಮನ ಮನೆಗೆ ಬಿಟ್ಟು ಹೋಗಿ. ಮಳೆಗೆ ಒಬ್ಬಳನ್ನೇ ಕಳಿಸಲಿಕ್ಕೆ ಮನಸ್ಸಿಲ್ಲ.” ಇಷ್ಟಾದ ಮೇಲೂ ನಂಬಿ ಮಗಳನ್ನು ಕಳಿಸುತ್ತಿದ್ದರಲ್ಲ, ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಸಿದ್ದಕಟ್ಟೆಯ ಮೇಲೆ ಬಂಟ್ವಾಳಕ್ಕೆ ಸುಮಾರು ಇಪ್ಪತ್ತು ಮೈಲಿ. ದಾರಿಯುದ್ದಕ್ಕೂ ಪದ್ಮಾವತಿಯದು ಕಾಲೇಜಿನದೇ ಮಾತು. ಯಾವ ಪುಸ್ತಕ, ಎಷ್ಟು ಗಂಟೆಗೆ ಪಾಠ, ಹುಡುಗಿಯರು ಎಲ್ಲಿ ಕೂತುಕೊಳ್ಳುತ್ತಾರೆ. “ಹೆದರಬೇಡಿ ಭಾವ, ಈ ಸಲ ಪಾಸಾಗ್ತೀರಿ” ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ.

ಮಾವನಿಗೆ ನಾನು ಹೇಳಿದ್ದು ಅರ್ಧ ಮಾತ್ರ. ಎರಡು ವರ್ಷದ ಹಿಂದೆ ಪದ್ಮಾವತಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ, ಇವಳನ್ನು ಕಾಲೇಜಿಗೆ ಕಳಿಸುವುದೋ ಬೇಡವೋ ಎಂದು ಅವರು ಕೇಳಿದ್ದು ನನ್ನನ್ನೇ, ಮನೆಯ ಬಿ.ಎ. ಅಳಿಯನನ್ನು. ಅವಳು ಅದೇ ಕಾಲೇಜಿಗೆ ಹೋದರೆ ಯಾರಾದರೊಬ್ಬ ಉಪನ್ಯಾಸಕರಿಂದ ನನ್ನ ಬಣ್ಣ ಬಯಲಾದೀತೆಂದು, “ಹುಡುಗಿಯರಿಗೆ ಆ ಕಾಲೇಜು ಹೇಳಿದ್ದಲ್ಲ” ಎಂದುಬಿಟ್ಟಿದ್ದೆ. ಅಂದೇ ಅವಳ ಓದು ನಿಂತಿತು.

ಬಂಟ್ವಾಳದಲ್ಲಿ ಮಳೆ ಬಿಡಲೆಂದು ಹೋಟೆಲಿಗೆ ಹೊಕ್ಕೆವು. ಗೋಳಿಬಜೆ, ಚಹಾ ಬಂತು. ಮಂಗಳೂರಿಗೆ ಉಳಿದದ್ದು ಹದಿನಾರೇ ಮೈಲಿ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಜಿನ ಮೇಲೆ ಕಣ್ಣಿಟ್ಟು ಎಲ್ಲವನ್ನೂ ಹೇಳಿದೆ.

ಅವಳು ತಟ್ಟೆಯನ್ನು ಬದಿಗೆ ಸರಿಸಿದಳು.

“ನಾನು ದಡ್ಡಿ, ಅದಕ್ಕೇ ಭಾವ ಬೇಡ ಅಂದ್ರು ಅಂತ ತಿಳ್ಕೊಂಡಿದ್ದೆ, ಎರಡು ವರ್ಷ” ಎಂದಳು. ಆಮೇಲೆ ಎದ್ದು ಕೊಡೆ ತೆಗೆದುಕೊಂಡಳು. “ಚಿಕ್ಕಮ್ಮನಲ್ಲಿಗೆ ಬೇಡ. ಮೂಡಬಿದ್ರೆಗೇ ಹೋಗುವ. ಇದನ್ನೂ ಅಪ್ಪನ ಹತ್ತಿರ ಹೇಳಿ.”

ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆವು. ಅವಳು ಮುಂದಿನ ಸೀಟಿನಲ್ಲಿ ಹೆಂಗಸರ ನಡುವೆ ಕೂತಳು. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ ಅದು. ನಾವು ತಲುಪಿದಾಗ ಮಾವ ಕೈ ತೊಳೆಯುತ್ತಿದ್ದರು. ಜಗಲಿಯಲ್ಲಿ ನಿಂತೇ ಹೇಳಿದೆ. ಈ ಸಲ ಅವರು ನನ್ನನ್ನು ಕೂರಲು ಹೇಳಲಿಲ್ಲ. ಮಗಳ ಕಡೆ ತಿರುಗಿ, “ಸರ್ಟಿಫಿಕೇಟು ಎಲ್ಲಿಟ್ಟಿದ್ದಿ?” ಎಂದರು.

ಮರುದಿನ ಮೂವರೂ ಮಂಗಳೂರಿಗೆ ಹೋದೆವು. ನಿಯಮ ಬದಲಾಗಿತ್ತು, ನಾನು ಬಿ.ಎ.ಯನ್ನು ಮೊದಲ ವರ್ಷದಿಂದಲೇ ಓದಬೇಕಿತ್ತು. ಒಪ್ಪಿ ಸಹಿ ಹಾಕಿದೆ. ಪದ್ಮಾವತಿಗೆ ಪಿ.ಯು.ಸಿ.ಯಲ್ಲಿ ಸೀಟು ಸಿಕ್ಕಿತು. ಕಾಲೇಜಿನ ಗುಮಾಸ್ತರು ಅವಳ ಅಂಕ ನೋಡಿ, “ಎರಡು ವರ್ಷ ಯಾಕೆ ಸುಮ್ಮನೆ ಕೂತದ್ದು?” ಎಂದು ಕೇಳಿದರು. ಅವಳು ನನ್ನ ಕಡೆ ನೋಡದೆ ಅರ್ಜಿಗೆ ಸಹಿ ಹಾಕಿದಳು.

“ಇವಳು ನನ್ನ ಮಗಳು” ಎಂದರು ಮಾವ, ಗುಮಾಸ್ತರಿಗೆ. ಪಕ್ಕದಲ್ಲೇ ನಿಂತಿದ್ದ ನನ್ನನ್ನು ಯಾರೆಂದು ಹೇಳಲಿಲ್ಲ.