ಕಣ್ಣಲ್ಲಿ ನೋಡಿ, ಕೈ ಹಾಕಬೇಡಿ

ನನ್ನ ಎದೆಯ ಮೇಲೆ ಲಿಂಗ ಇದೆ. ಚಿಕ್ಕವನಿದ್ದಾಗ ಮಠದ ಗುರುಗಳು ಕಟ್ಟಿದ್ದು. ಬಿಳಿ ಬಟ್ಟೆಯಲ್ಲಿ ಸುತ್ತಿ, ಕರಡಿಗೆ ಎನ್ನುವ ಪುಟ್ಟ ಬೆಳ್ಳಿ ಡಬ್ಬಿಯಲ್ಲಿಟ್ಟು, ಶಿವದಾರದಲ್ಲಿ ಕೊರಳಿಗೆ ಹಾಕಿಕೊಂಡಿದ್ದೇನೆ. ಅದು ಮೈ ಬಿಟ್ಟು ಇರಬಾರದು, ಬೇರೆಯವರ ಕೈ ಅದಕ್ಕೆ ತಾಗಬಾರದು. ನಮ್ಮ ಮನೆಯಲ್ಲಿ ಇದಕ್ಕೆಲ್ಲ ಕಾರಣ ಕೇಳುವ ಪದ್ಧತಿ ಇರಲಿಲ್ಲ, ನಾನೂ ಕೇಳಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವ ಜಗಳಗಳಿಗೆಲ್ಲ ಇದೇ ಮೂಲ.

ಓದು ಏಳನೇ ಕ್ಲಾಸಿಗೆ ನಿಂತಿತು. ಅಪ್ಪ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಒಂದು ವರ್ಕ್‌ಶಾಪಿನ ಲೇತ್ ಮುಂದೆ ನಿಲ್ಲಿಸಿ, 'ಇನ್ನು ಇದೇ ನಿನ್ನ ಸ್ಕೂಲು' ಅಂದರು. ಅಲ್ಲಿಂದ ಹಿಡಿದು ನಾನು ತಿಂದ ಒಂದೊಂದು ತುತ್ತೂ ನನ್ನ ಕೈ ದುಡಿದದ್ದೇ. ಎಪ್ಪತ್ತರ ದಶಕದ ಕೊನೆಗೆ ಪೀಣ್ಯದ ಒಂದು ಗೇರ್ ಕಾರ್ಖಾನೆ ಸೇರಿದೆ. ಮನೆ ಚಿಕ್ಕಬಾಣಾವರದಲ್ಲಿ. ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ, ಕತ್ತೆತ್ತಿಕೊಂಡು ಬರುತ್ತಿದ್ದೆ.

ಕತ್ತು ಬಗ್ಗಿಸಬೇಕಾಗಿ ಬರುತ್ತಿದ್ದದ್ದು ಸಂಜೆ ಗೇಟಿನ ಹತ್ತಿರ ಮಾತ್ರ.

ಕಾರ್ಖಾನೆಯಲ್ಲಿ ಗೇರಿನ ತೂತಿಗೆ ಕೂಡಿಸುವ, ಪುಟ್ಟ ಬಳೆಯಂಥ ಹಿತ್ತಾಳೆ ಬುಷ್‌ಗಳು ಕಾಣೆಯಾಗುತ್ತಿದ್ದವು. ಇದು ಸುಳ್ಳಲ್ಲ, ಯಾರೋ ಕದಿಯುತ್ತಿದ್ದರು. ಅದಕ್ಕೆ ಮ್ಯಾನೇಜರ್ ಗೇಟಿನಲ್ಲಿ ತಪಾಸಣೆ ಶುರು ಮಾಡಿದರು. ಗೇಟಿನ ಎದುರಿಗೇ ಬಸ್ ಸ್ಟಾಪು. ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು, ಸೌತೆಕಾಯಿ ಮಾರುವವಳು, ಪಕ್ಕದ ಕಾರ್ಖಾನೆಯವರು ಎಲ್ಲರೂ ನೋಡುತ್ತಿರುವಾಗ ವಾಚ್‌ಮನ್ ನಮ್ಮ ಸೊಂಟಕ್ಕೆ, ಜೇಬಿಗೆ, ಊಟದ ಕ್ಯಾರಿಯರ್‌ಗೆ ಕೈ ಹಾಕುತ್ತಿದ್ದ. ಆಫೀಸಿನವರು ಮಾತ್ರ ಪಕ್ಕದಲ್ಲೇ ನಗುತ್ತಾ ಸ್ಕೂಟರ್ ಹತ್ತಿ ಹೋಗುತ್ತಿದ್ದರು.

ಒಂದು ಸಂಜೆ ವಾಚ್‌ಮನ್ನಿನ ಬೆರಳು ನನ್ನ ಅಂಗಿಯೊಳಗಿನ ಶಿವದಾರಕ್ಕೆ ಸಿಕ್ಕಿಕೊಂಡಿತು. ಅವನು ಎಳೆದ.

"ಏನ್ ಮೇಸ್ತ್ರಿ, ಗಟ್ಟಿಯಾಗಿದೆ? ಬುಷ್ಷಾ?"

ಸಾಲಿನಲ್ಲಿ ಯಾರೋ ನಕ್ಕರು. ಬಸ್ ಸ್ಟಾಪಿನಲ್ಲೂ ನಕ್ಕರು. ನಾನು ಅವನ ಮಣಿಕಟ್ಟು ಹಿಡಿದು ಪಕ್ಕಕ್ಕಿಟ್ಟೆ. ಕ್ಯಾರಿಯರ್ ನೆಲಕ್ಕಿಟ್ಟು ಗೇಟಿಗೆ ಅಡ್ಡ ಕೂತೆ.

"ಏಳ್ರೀ, ದಾರಿ ಬಿಡ್ರೀ" ಅಂತ ಮ್ಯಾನೇಜರ್ ಓಡಿ ಬಂದರು.

"ಬಿಡ್ತೀನಿ ಸಾರ್. ಮೊದ್ಲು ನಿಮ್ಮ ಜೇಬು ತೋರ್ಸಿ, ಆಮೇಲೆ ನಂದು."

"ತಲೆ ಕೆಟ್ಟಿದ್ಯಾ?"

"ಕೆಟ್ಟಿಲ್ಲ. ಕಾಣೆಯಾಗಿರೋದು ಬುಷ್ಷು. ಬುಷ್ಷು ನಂಗೆ ಎಷ್ಟು ಹತ್ರ ಇರುತ್ತೋ ನಿಮಗೂ ಅಷ್ಟೇ ಹತ್ರ ಇರುತ್ತೆ."

ನಕ್ಕವರೇ ನನ್ನ ಪಕ್ಕ ಬಂದು ಕೂತರು. ಮಾಲೀಕರ ಕಾರು ಹೊರಗೆ ಹೋಗಲಾಗದೆ ಗುರುಗುಟ್ಟುತ್ತಾ ನಿಂತಿತು. ಕೊನೆಗೆ ಮಾಲೀಕರೇ ಇಳಿದು ಬಂದು ಒಂದು ಏರ್ಪಾಟು ಮಾಡಿದರು. ಒಂದು ಬಟ್ಟೆ ಚೀಲ, ಅದರಲ್ಲಿ ಗೋಲಿಗಳು, ಹೆಚ್ಚು ಬಿಳಿ, ಕೆಲವು ಕೆಂಪು. ಹೊರಗೆ ಹೋಗುವ ಎಲ್ಲರೂ, ಮ್ಯಾನೇಜರೂ ಸೇರಿ, ನೋಡದೆ ಕೈ ಹಾಕಿ ಒಂದು ಗೋಲಿ ತೆಗೆಯಬೇಕು. ಬಿಳಿ ಬಂದರೆ ಹೋಗಬಹುದು, ಕೆಂಪು ಬಂದರೆ ತಪಾಸಣೆ. ಮಾರನೆಯ ದಿನದಿಂದ ಮ್ಯಾನೇಜರ್ ಹುತ್ತಕ್ಕೆ ಕೈ ಹಾಕುವವರ ಹಾಗೆ ಮುಖ ಮಾಡಿಕೊಂಡು ಆ ಚೀಲಕ್ಕೆ ಕೈ ಹಾಕತೊಡಗಿದರು. ಗೆದ್ದೆವು ಅಂದುಕೊಂಡೆವು. ಕೆಂಪು ಬಂದವನ ತಪಾಸಣೆ ಮಾತ್ರ ಆಮೇಲೂ ಬಸ್ ಸ್ಟಾಪಿನ ಎದುರಿಗೇ ನಡೆಯುತ್ತಿತ್ತು. ಅದು ನಮಗೆ ಹೊಳೆಯಲೇ ಇಲ್ಲ.

ಕೆಲವು ವರ್ಷ ಕಳೆಯಿತು. ಬೊಂಬಾಯಿಯ ಒಂದು ಗಿರಣಿಗೆ ನಾವು ಕೊಟ್ಟಿದ್ದ ಗೇರು ಹಲ್ಲು ಮುರಿದು ಯಂತ್ರ ನಿಂತುಹೋಯಿತು. ಹೊಸ ಗೇರು ನಾನೇ ಕಡಿದೆ. ಮಾಲೀಕರು ಕರೆದು, "ನೀವೇ ತಗೊಂಡ್ಹೋಗಿ ಕೂಡಿಸಿ ಬನ್ನಿ. ರೈಲಾದ್ರೆ ತಡವಾಗುತ್ತೆ, ವಿಮಾನದಲ್ಲಿ ಹೋಗಿ. ಬರೋವಾಗ ರೈಲಲ್ಲೇ ಬನ್ನಿ" ಅಂದರು. ಅವರ ಲೆಕ್ಕಾಚಾರ ಯಾವಾಗಲೂ ಹಾಗೆಯೇ. ಕಾರ್ಖಾನೆಯಲ್ಲಿ ಹುಡುಗರು, "ಗುರು, ಕಿಟಕಿ ಪಕ್ಕ ಕೂತ್ಕೋ, ನಮ್ಮ ಶೆಡ್ಡು ಕಂಡ್ರೆ ಕೈ ಬೀಸು" ಅಂತ ರೇಗಿಸಿದರು.

ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಹೊರಟೆ. ವಿಮಾನ ನಿಲ್ದಾಣದಲ್ಲಿ ಗೋಣಿಬಟ್ಟೆ ಸುತ್ತಿದ ಗೇರನ್ನು ಸಾಮಾನಿನ ಕಡೆ ಕೊಟ್ಟೆ. ವಿಮಾನ ಅಪಹರಣದ ಸುದ್ದಿ ರೇಡಿಯೋದಲ್ಲಿ ಬರುತ್ತಿದ್ದ ಕಾಲ ಅದು. ಒಳಗೆ ಹೋಗುವ ಮುಂಚೆ ಪೊಲೀಸರು ಪ್ರತಿಯೊಬ್ಬರನ್ನೂ ನಿಲ್ಲಿಸಿ ಮೈ ತಡವುತ್ತಿದ್ದರು. ನನಗೆ ಅದು ತಪ್ಪು ಅನ್ನಿಸಲಿಲ್ಲ. ಆಕಾಶಕ್ಕೆ ಹಾರುವ ಡಬ್ಬಿಯಲ್ಲಿ ಯಾರು ಏನು ತಂದಿದ್ದಾರೆ ಅಂತ ನೋಡಲೇಬೇಕು.

ಪೇದೆಯ ಕೈಯಲ್ಲಿ ಸೌಟಿನಂಥ ಒಂದು ಯಂತ್ರ ಇತ್ತು. ನನ್ನ ಎದೆಯ ಮುಂದೆ ಹಿಡಿದ ಕೂಡಲೇ ಅದು ಕಿರುಚಿತು.

"ಏನ್ರೀ ಅದು? ತೆಗ್ದು ಆ ತಟ್ಟೆಗೆ ಹಾಕಿ."

ತಟ್ಟೆಯಲ್ಲಿ ಆಗಲೇ ಯಾರದೋ ಬೀಗದ ಕೈ, ಚಿಲ್ಲರೆ, ಸಿಗರೇಟ್ ಲೈಟರ್ ಇದ್ದವು.

"ಲಿಂಗ ಸಾರ್. ಮೈಯಿಂದ ತೆಗೆಯಲ್ಲ."

"ತೆಗೀಲೇಬೇಕು ಯಜಮಾನ್ರೇ. ರೂಲ್ಸು."

"ರೂಲ್ಸು ನೋಡೋಕೆ ತಾನೇ? ನೋಡಿ. ತಟ್ಟೆಗೆ ಯಾಕೆ?"

ಪೇದೆ ಕೈ ಮುಂದೆ ಚಾಚಿದ. ನಾನು ಎರಡೂ ಅಂಗೈ ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಹಾಗೆ ಸರಿದದ್ದೇ ತಪ್ಪಾಯಿತು. ಇನ್ನೊಬ್ಬ ಪೇದೆ ಓಡಿ ಬಂದ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡತೊಡಗಿದರು. ಬೊಂಬಾಯಿಗೆ ಹೋಗುವವರು ಹೊರಡಿ ಅಂತ ಮೈಕಿನಲ್ಲಿ ಕೂಗುತ್ತಿದ್ದರು. ಗೇರು ಆಗಲೇ ವಿಮಾನದ ಹೊಟ್ಟೆ ಸೇರಿತ್ತು. ನಾನು ಹತ್ತದಿದ್ದರೆ ಅದು ಒಂದೇ ಹೋಗುತ್ತದೆ, ಕೂಡಿಸುವವರು ಯಾರೂ ಇಲ್ಲ. ತಟ್ಟೆಗೆ ಹಾಕಿದರೆ ಹತ್ತಬಹುದು. ಆ ತಟ್ಟೆಯಲ್ಲಿದ್ದ ಲೈಟರನ್ನು ನೋಡಿದೆ. ಆಗದು ಅಂದುಕೊಂಡೆ.

ಹಿಂದೆ ಸೂಟು ಹಾಕಿಕೊಂಡಿದ್ದ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, "ಕೆಲವರಿಗೆ ಬಸ್ಸೇ ಸರಿ" ಅಂದರು.

"ನಿಮ್ಮ ಸೂಟ್‌ಕೇಸ್ ಬಿಚ್ಚಿಸಿದಾಗ ಒಳಚಡ್ಡಿಯೆಲ್ಲ ಹೊರಗೆ ಬಂತಲ್ಲ ಸಾರ್, ನಾನು ಮುಖ ಆ ಕಡೆ ತಿರುಗಿಸ್ಕೊಂಡೆ. ನೀವೂ ಸ್ವಲ್ಪ ತಿರುಗಿಸ್ಕೊಳಿ."

ಅವರು ತಿರುಗಿಸಿಕೊಂಡರು.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದರು, ನರೆ ಮೀಸೆಯವರು. ಏನು ಗಲಾಟೆ ಅಂತ ಕೇಳಿದರು. ನಾನು ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ತೋರಿಸಿದೆ. ಅವರ ಮುಖ ಮೆತ್ತಗಾಯಿತು. ಕೈ ಮುಗಿದರು.

"ನಮ್ಮ ಮನೇಲೂ ಕಟ್ಕೋತಾರೆ. ಬಿಡಯ್ಯಾ ಅವರನ್ನ, ನಮ್ಮೋರು. ಹೋಗಿ ಯಜಮಾನ್ರೇ, ವಿಮಾನ ಹೊರಡುತ್ತೆ."

ದಾರಿ ಬಿಟ್ಟರು. ನಾನು ಹೋಗಬಹುದಿತ್ತು. ಬೇರೆ ಯಾರಾದರೂ ಹೋಗಿಬಿಡುತ್ತಿದ್ದರು. ಆದರೆ 'ನಮ್ಮೋರು' ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಪೀಣ್ಯದ ಗೇಟಿನಲ್ಲಿ ಸ್ಕೂಟರ್ ಹತ್ತಿ ನಗುತ್ತಾ ಹೋಗುತ್ತಿದ್ದವರೂ ಯಾರಿಗೋ 'ನಮ್ಮೋರೇ' ತಾನೇ?

"ಬೇಡ ಸಾರ್. ಹಂಗೆ ಬಿಡ್ಬೇಡಿ. ನೋಡಿಯೇ ಬಿಡಿ."

"ನಾನೇ ಹೋಗಿ ಅಂತಿದೀನಲ್ರೀ?"

"ಇವತ್ತು ನಮ್ಮೋರು ಅಂತ ನನ್ನ ಬಿಡ್ತೀರ. ನಾಳೆ ಒಬ್ಬ ಸಾಬರು ಬರ್ತಾರೆ, ಕೊರಳಲ್ಲಿ ತಾಯಿತ ಇರುತ್ತೆ. ಅವರಿಗೆ ತಟ್ಟೆಗೆ ಹಾಕು ಅಂತೀರ. ಅದು ಸರಿ ಇಲ್ಲ. ಇನ್ನೊಂದು, ಆ ವಿಮಾನದಲ್ಲಿ ಕೂರೋನು ನಾನು. ಡಬ್ಬಿ ಒಳಗೆ ಏನಿದೆ ಅಂತ ನೋಡ್ದೆ ನೀವು ಜನಾನ ಬಿಡ್ತಾ ಹೋದ್ರೆ ನಂಗೇ ಭಯ ಆಗುತ್ತೆ."

ಪೇದೆ ತಲೆ ಚಚ್ಚಿಕೊಂಡ. "ತೆಗೀರಿ ಅಂದ್ರೆ ತೆಗೆಯಲ್ಲ, ಹೋಗಿ ಅಂದ್ರೆ ಹೋಗಲ್ಲ. ಏನ್ ಮಾಡ್ಬೇಕು ಸ್ವಾಮಿ ನಿಮಗೆ?"

"ನನ್ನ ಕೈಯಾರೆ ತೆಗೆದು ನನ್ನ ಅಂಗೈಯಲ್ಲೇ ತೋರಿಸ್ತೀನಿ. ಕಣ್ಣಲ್ಲಿ ನೋಡಿ, ಕೈ ಹಾಕ್ಬೇಡಿ. ಅದೂ ಇಷ್ಟು ಜನರ ಮುಂದೆ ಅಲ್ಲ." ಪಕ್ಕದಲ್ಲಿ ಹೆಂಗಸರ ತಪಾಸಣೆಗೆ ಅಂತ ಪರದೆ ಕಟ್ಟಿದ ಗೂಡು ಕಂಡಿತು. ಅದನ್ನೇ ತೋರಿಸಿದೆ. "ಅಲ್ಲಿ. ಹೆಂಗಸರಿಗೆ ಪರದೆ ಇದೆ, ನಮಗೇನು ಮಾನ ಇಲ್ವಾ?"

ಆ ಪರದೆಯೊಳಗಿಂದ ಮಹಿಳಾ ಪೇದೆಯೊಬ್ಬರು ತಲೆ ಹೊರಗೆ ಹಾಕಿದರು. "ಬನ್ನಿ ಯಜಮಾನ್ರೇ, ಸೀರೆ ಉಟ್ಕೊಂಡು ಬಂದಿದ್ರೆ ನಾನೇ ನೋಡ್ತಿದ್ದೆ!" ಸಾಲಿಗೆ ಸಾಲೇ ಘೊಳ್ಳೆಂದಿತು. ಇನ್ಸ್‌ಪೆಕ್ಟರಿಗೂ ನಗು ತಡೆಯಲಾಗಲಿಲ್ಲ. ನಾನು ನಗಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ನಗು ತಾನಾಗಿಯೇ ಇಳಿಯಿತು. ಇನ್ಸ್‌ಪೆಕ್ಟರ್ ಒಂದು ಗಳಿಗೆ ನನ್ನನ್ನೇ ನೋಡಿ, ಆ ತಾಯಿಗೆ ಹೊರಗೆ ಬರಲು ಕೈಸನ್ನೆ ಮಾಡಿದರು.

ಪರದೆಯೊಳಗೆ ಹೋದ ಮೇಲೆ ನನ್ನ ಧೈರ್ಯ ಸ್ವಲ್ಪ ಅಲ್ಲಾಡಿತು, ನಿಜ. ಬೆಳಿಗ್ಗೆ ಪೂಜೆಯಾದ ಮೇಲೆ ಬಸ್ಸು ಹತ್ತಿದ್ದೆ, ಹೋಟೆಲಿನಲ್ಲಿ ತಿಂಡಿ ತಿಂದಿದ್ದೆ. ಮಡಿ ಇಲ್ಲದ ಮೈಯಲ್ಲಿ ಲಿಂಗ ಹೊರಗೆ ತೆಗೆಯುವುದು ನಾನು ಹುಟ್ಟಿದಾಗಿನಿಂದ ಮಾಡದ ಕೆಲಸ. ಪೊಲೀಸರು ಮಾತ್ರ ಬಿಟ್ಟುಕೊಡಬೇಕು, ನಾನು ಏನೂ ಬಿಟ್ಟುಕೊಡುವುದಿಲ್ಲ ಅಂದರೆ ಅದೂ ನ್ಯಾಯವಲ್ಲ. ಪೇದೆಯ ಹತ್ತಿರ ನೀರು ಕೇಳಿ ಕೈ ತೊಳೆದೆ. ಚಪ್ಪಲಿ ಬಿಟ್ಟೆ. ಕರಡಿಗೆ ತೆರೆದೆ. ಬಟ್ಟೆ ಬಿಡಿಸಿ, ಲಿಂಗವನ್ನು ಎಡದ ಅಂಗೈ ಮೇಲಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿದೆ.

ಪೇದೆ ಹತ್ತಿರ ಬಂದ. ತನ್ನ ಬೂಟು ನೋಡಿಕೊಂಡ. ಒಂದು ಹೆಜ್ಜೆ ಹಿಂದೆ ಹೋಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅಲ್ಲಿಂದಲೇ ಕತ್ತು ಮುಂದೆ ಚಾಚಿ ನೋಡಿದ. ಖಾಲಿ ಕರಡಿಗೆ ಬಗ್ಗಿಸಿ ತೋರಿಸಿದೆ, ಅದನ್ನೂ ನೋಡಿದ.

"ಆಯ್ತು" ಅಂದ. ಆಮೇಲೆ ದನಿ ಇಳಿಸಿ, "ದಿನಾ ಎಷ್ಟು ಜನರ ಮೈ ಮುಟ್ತೀವಿ ಯಜಮಾನ್ರೇ. ಹಿಂಗೆ ಕೇಳಿದೋರು ಯಾರೂ ಇಲ್ಲ."

"ಕೇಳ್ಬೇಕಿತ್ತು" ಅಂದೆ.

ಓಡಿ ಹೋಗಿ ವಿಮಾನ ಹತ್ತಿದೆ. ಕಿಟಕಿ ಪಕ್ಕ ಸಿಗಲಿಲ್ಲ. ಗೇರು ಸರಿಯಾಗಿ ಕೂತಿತು, ಗಿರಣಿ ತಿರುಗಿತು, ರೈಲಿನಲ್ಲಿ ವಾಪಸ್ ಬಂದೆ.

ಮನೆಯಲ್ಲಿ ಹೆಂಡತಿಗೆ ಎಲ್ಲಾ ಹೇಳಿದೆ. ನಾನೇನೋ ಮೀಸೆ ತಿರುವಿಕೊಂಡೇ ಹೇಳಿದ್ದು. ಅವಳು ರಾಗಿ ಬೀಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಸ್ನಾನ ಇಲ್ದೆ ತೆಗೆದ್ರಾ?"

"ಕೈ ತೊಳ್ಕೊಂಡೆ."

"ಕೈ ತೊಳ್ಕೊಂಡ್ರಂತೆ!" ಅಂತ ಗೊಣಗಿ ಮತ್ತೆ ಬೀಸತೊಡಗಿದಳು. ಇನ್ನೊಂದು ಹಿಡಿ ರಾಗಿ ಹಾಕುತ್ತಾ ತಲೆ ಎತ್ತದೆಯೇ ಕೇಳಿದಳು. "ಅಲ್ಲಾ ರೀ, ಪೊಲೀಸರ ಹತ್ರ ಪರದೆ ಕೇಳಿದ್ರಿ. ನಿಮ್ಮ ಗೇಟಲ್ಲಿ ಕೆಂಪು ಗೋಲಿ ಬಂದೋರು ಎಲ್ಲಿ ನಿಲ್ತಾರೆ?"

ನನ್ನ ಮೀಸೆ ಇಳಿಯಿತು. ನಾನು ಗೋಲಿ ಚೀಲಕ್ಕೇ ಬೀಗುತ್ತಾ ವರ್ಷಗಟ್ಟಲೆ ಆ ಬಸ್ ಸ್ಟಾಪಿನ ಎದುರು ಹಾದುಹೋಗಿದ್ದೆ.

"ನಿನ್ನ ಒಂದು ಹಳೇ ಸೀರೆ ಕೊಡು" ಅಂದೆ.

"ಗಂಡಸರು ಅಂಗಿ ಬಿಚ್ಚಿ ನಿಲ್ಲೋ ಕಡೆ ನನ್ನ ಸೀರೆನಾ? ಮಾನ ಮರ್ಯಾದೆ ಬೇಡ್ವಾ?" ಅಂತ ಬೈದು, ಮಂಚದ ಮೇಲಿದ್ದ ನೀಲಿ ಮೇಲುಹಾಸು ಎಳೆದುಕೊಟ್ಟಳು. ಹಗ್ಗ ತೂರಿಸಲು ಅಂಚು ಮಡಿಚಿ ಹೊಲಿದದ್ದೂ ಅವಳೇ.

ಮಾರನೆಯ ದಿನ ಕೆಲಸಕ್ಕೆ ಮುಂಚೆ ವಾಚ್‌ಮನ್ ಗೂಡಿನ ಪಕ್ಕ ಎರಡು ಮೊಳೆ ಹೊಡೆದು ಪರದೆ ಕಟ್ಟಿದೆ. ವಾಚ್‌ಮನ್ ಓಡಿ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ.

"ಯಾರ್ರೀ ಪರ್ಮಿಷನ್ ಕೊಟ್ಟಿದ್ದು ಇದಕ್ಕೆ?"

"ಯಾರೂ ಕೊಟ್ಟಿಲ್ಲ ಸಾರ್."

"ಇದೇನು ಕಾರ್ಖಾನೆನಾ, ನಾಟಕದ ಕಂಪನಿನಾ? ಬಿಚ್ಚಿ. ಮಾಲೀಕರನ್ನ ಕೇಳ್ಬೇಕು."

"ಕೇಳಿ. ಅಲ್ಲೀವರೆಗೂ ಇದು ಇಲ್ಲೇ ಇರುತ್ತೆ. ಬಿಚ್ಚಿದ್ರೆ ಇವತ್ತು ಸಂಜೆ ನಾನು ಮತ್ತೆ ಗೇಟಿಗೆ ಅಡ್ಡ ಕೂರ್ತೀನಿ. ಈ ಸಲ ಊಟ ಕಟ್ಟಿಸ್ಕೊಂಡೇ ಬಂದಿದೀನಿ."

ಮಾಲೀಕರು ಆ ದಿನ ಊರಲ್ಲಿರಲಿಲ್ಲ. ಪರದೆಯನ್ನು ಯಾರೂ ಮುಟ್ಟಲಿಲ್ಲ. ಲಾರಿ ಹೋದಾಗಲೆಲ್ಲ ಧೂಳೆದ್ದು, ಸಂಜೆಯ ಹೊತ್ತಿಗೆ ನೀಲಿ ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಸೈರನ್ ಆಯಿತು. ಸಾಲಿನಲ್ಲಿ ನಾನೇ ಮೊದಲು ನಿಂತೆ. ನಾನು ಕಟ್ಟಿದ ಪರದೆಯೊಳಗೆ ನಾನೇ ಮೊದಲು ಹೋಗಿ ತೋರಿಸಬೇಕು ಅಂತ ಆಸೆ. ಚೀಲಕ್ಕೆ ಕೈ ಹಾಕಿದೆ. ಬಿಳಿ ಬಂತು. ಹಿಂದಿದ್ದವರು ಕಿಸಕ್ಕನೆ ನಕ್ಕರು. "ಅಣ್ಣಾ, ಇನ್ನೊಂದು ಸಲ ತೆಗೀರಿ, ಪಾಪ" ಅಂತ ಒಬ್ಬ ರೇಗಿಸಿದ. ನಾನು ಆಚೆ ಹೋಗಿ ಸೈಕಲ್ ಹಿಡಿದುಕೊಂಡು ನಿಂತೆ.

ಒಬ್ಬೊಬ್ಬರಾಗಿ ಬಿಳಿ, ಬಿಳಿ. ಆಮೇಲೆ ಮ್ಯಾನೇಜರ್ ಸರದಿ. ಎಂದಿನಂತೆ ಮುಖ ಸಿಂಡರಿಸಿಕೊಂಡು ಕೈ ಹಾಕಿ ತೆಗೆದು ಮುಷ್ಟಿ ಬಿಚ್ಚಿದರು. ಕೆಂಪು.

ಬಸ್ ಸ್ಟಾಪಿನಲ್ಲಿ ಜನ ತುಂಬಿತ್ತು. ವಾಚ್‌ಮನ್ ರೂಢಿಯ ಹಾಗೆ ಅವರನ್ನು ಅಲ್ಲೇ, ರಸ್ತೆಗೆ ಮುಖ ಮಾಡಿ ನಿಲ್ಲಿಸಲು ಹೋದ. ಅವರು ಬಸ್ ಸ್ಟಾಪಿನ ಕಡೆ ನೋಡಿದರು. ನನ್ನ ಕಡೆಯೂ ಒಂದು ಸಲ ನೋಡಿದರು. ನಾನು ಕತ್ತೆತ್ತಿಕೊಂಡೇ ನಿಂತಿದ್ದೆ.

ಅವರು ಪರದೆ ಸರಿಸಿ ಒಳಗೆ ಹೋದರು. ನಾನು ಮುಖ ಆ ಕಡೆ ತಿರುಗಿಸಿಕೊಂಡು ಸೈಕಲ್ ಹತ್ತಿದೆ.