ಅಕ್ಕೋರ ಗಂಡನ ಬಿನ್ನವತ್ತಳೆ

ಬಿನ್ನವತ್ತಳೆ ಬರೆಸಿಕೊಳ್ಳುವವರಷ್ಟು ಬಡವರನ್ನು ನಾನು ಇನ್ನೆಲ್ಲೂ ನೋಡಿಲ್ಲ. ಮನೆ ತುಂಬ ಭತ್ತದ ಚೀಲ ಇರುತ್ತವೆ, ಬಾಗಿಲಲ್ಲಿ ಜೋಡೆತ್ತಿನ ಬಂಡಿ ನಿಂತಿರುತ್ತದೆ. ಆದರೂ 'ತಾವು ದೊಡ್ಡವರು' ಎಂದು ಯಾರಾದರೂ ಬಂಗಾರದ ಬಣ್ಣದ ಅಂಚಿನ ಕಾಗದದ ಮೇಲೆ ಅಚ್ಚು ಹಾಕಿಸಿ, ನಾಲ್ಕು ಜನರ ಮುಂದೆ ಓದಿ, ಗಾಜಿನ ಕಟ್ಟು ಹಾಕಿಸಿ ಕೈಗೆ ಕೊಡದ ಹೊರತು ಅವರಿಗೇ ಅದು ನಂಬಿಕೆಯಾಗುವುದಿಲ್ಲ. ಆ ಮಾತನ್ನು ಬರೆದುಕೊಡುವವನು ನಾನು. ನಲವತ್ತರ ದಶಕದ ಕೊನೆಯಲ್ಲಿ, ಬಳ್ಳಾರಿಯಲ್ಲಿ, ಯಾರ ಕೈಕೆಳಗೂ ಇಲ್ಲದೆ, ಕೇಳಿದವರಿಗೆ ಕೇಳಿದ್ದನ್ನು ಬರೆದುಕೊಟ್ಟು ಬದುಕುತ್ತೇನೆ ಎಂದು ಹೊರಟಿದ್ದೆ. ವರ್ಗವಾಗಿ ಹೋಗುವ ತಹಶೀಲ್ದಾರರಿಗೆ ಬಿನ್ನವತ್ತಳೆ, ಮದುವೆಗೆ ಹಾಡು, ನಾಟಕದ ಕಂಪನಿಗೆ ನಾಲ್ಕು ಪದ. ನಡುನಡುವೆ ಮಾಸಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದೆ. ಸಂಪಾದಕರು ಅದನ್ನು ಅಚ್ಚು ಹಾಕಿ ಗೌರವಪ್ರತಿಯೊಂದನ್ನು ಅಂಚೆಗೆ ಹಾಕುತ್ತಿದ್ದರು. ಗೌರವವನ್ನು ಒಲೆಯ ಮೇಲಿಟ್ಟರೆ ಬೇಯುವುದಿಲ್ಲ ಎಂದು ಆ ಮಹಾನುಭಾವರಿಗೆ ಯಾರೂ ಹೇಳಿದಂತಿರಲಿಲ್ಲ.

ಮನೆ ನಡೆಯುತ್ತಿದ್ದದ್ದು ಹೆಂಡತಿಯ ನೌಕರಿಯಿಂದ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಪಾಠ ಹೇಳುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಹೀಗಾಗಿ ಗುಡ್ಡದ ಬುಡದ ನಮ್ಮ ಓಣಿಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ. ನಾನು ಅಕ್ಕೋರ ಗಂಡ. ನನ್ನ ಕಥೆ ಅಚ್ಚಾದ ತಿಂಗಳೂ ಅಷ್ಟೆ, ಆಗದ ತಿಂಗಳೂ ಅಷ್ಟೆ.

ಬಾಣಂತನ ಆದದ್ದು ಕುರುಗೋಡಿನ ಅವಳ ತವರಿನಲ್ಲಿ. ಮಗಳು ಹುಟ್ಟಿ ಮೂರು ತಿಂಗಳಿಗೆ ರಜೆ ಮುಗಿಯಿತು. ಕರೆದುಕೊಂಡು ಬರಲು ಹೋದಾಗ ನಾನು ಎಲ್ಲರ ಎದುರು ಬಹಳ ಹಗುರವಾಗಿ ಹೇಳಿದೆ: ಮನೆಯಲ್ಲೇ ಕೂತು ಬರೆಯುವವನು ನಾನು, ಕೂಸು ಪಕ್ಕದಲ್ಲಿ ಮಲಗಿರುತ್ತದೆ, ಅದರಲ್ಲೇನಿದೆ. ಕೂಸು ಮಲಗಿರುತ್ತದೆ ಎಂದು ನಂಬುವವನ ಲೋಕಜ್ಞಾನ ಎಷ್ಟಿದ್ದೀತು ಎಂದು ಓದುವವರೇ ಊಹಿಸಲಿ. ಅತ್ತೆ ನನಗೆ ಉತ್ತರ ಕೊಡಲಿಲ್ಲ. ಅಳಿಯನ ಮುಖ ನೋಡಿ ಮಾತಾಡುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಹೇಳುವುದನ್ನೆಲ್ಲ ನನಗೆ ಕೇಳುವ ಹಾಗೆ ಮಗಳಿಗೆ ಹೇಳುತ್ತಿದ್ದರು.

"ನೀ ಸಾಲಿಗಿ ಹೋಗವ್ವ, ನಾ ಬ್ಯಾಡ ಅನ್ನಂಗಿಲ್ಲ. ಕೂಸು ಇಲ್ಲೇ ಇರ್ಲಿ. ಗಂಡಸು ಕೂಸು ಸಾಕಿದ್ದು ಈ ಊರಾಗ ಯಾರು ನೋಡ್ಯಾರ?"

"ಒಂದು ವರ್ಷ ನೋಡೂನವ್ವ" ಎಂದಳು ಹೆಂಡತಿ.

"ನೋಡು. ಕೂಸಿಗಾಗ್ಲಿ, ನಿನ್ನ ಗಂಡನ ಕೆಲಸಕ್ಕಾಗ್ಲಿ, ಎರಡ್ರಾಗ ಒಂದು ಕೆಟ್ಟೈತಿ ಅಂತ ನನ್ನ ಕಿವಿಗಿ ಬಿತ್ತಂದ್ರ ಬಂದು ಎತ್ತಿಕೊಂಡು ಹೋಗಾಕಿನ ನಾನು."

"ಆಗ್ಲಿ."

ನನ್ನನ್ನು ಒಂದು ಮಾತು ಕೇಳದೆ ನನ್ನ ಮೇಲೆ ಕರಾರು ಮುಗಿಯಿತು.

ಆಮೇಲೆ ನಡೆದದ್ದನ್ನು ಸಂಸಾರಸ್ಥ ಹೆಂಗಸರಿಗೆ ಹೇಳುವ ಅಗತ್ಯವಿಲ್ಲ, ಗಂಡಸರಿಗೆ ಹೇಳಿದರೆ ತಿಳಿಯುವುದಿಲ್ಲ. ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ತೊಡೆಯ ಮೇಲೆ ಹಲಗೆಯಿಟ್ಟು ಬರೆಯುತ್ತಿದ್ದೆ. 'ಸಕಲಸದ್ಗುಣಸಂಪನ್ನರೇ' ಎಂದು ಬರೆಯುವಷ್ಟರಲ್ಲಿ ತೊಟ್ಟಿಲಿನಿಂದ ಕೂಗು ಬರುತ್ತಿತ್ತು. ಎತ್ತಿಕೊಂಡರೆ ಸುಮ್ಮನಾಗುತ್ತಿತ್ತು, ಕೂತರೆ ಮತ್ತೆ ಕೂಗು. ಹೀಗೆ ಎಷ್ಟೋ ತಹಶೀಲ್ದಾರರ ಸದ್ಗುಣಗಳನ್ನು ನಾನು ಪಡಸಾಲೆಯಲ್ಲಿ ಅಡ್ಡಾಡುತ್ತ, ಗೋಡೆಗೆ ಕಾಗದ ಒತ್ತಿ ಹಿಡಿದು ಬರೆದಿದ್ದೇನೆ. ಮಧ್ಯಾಹ್ನ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿಯ ಹಿಂದಿನ ಬಾಗಿಲಿಗೆ ಹೋಗಬೇಕು. ನಕ್ಷೆ, ಮುರುಕು ಬೆಂಚುಗಳನ್ನಿಟ್ಟ ಕೋಣೆಯಲ್ಲಿ ಕೂತು ಹೆಂಡತಿ ಹಾಲು ಕುಡಿಸಿ ಕೊಡುವವರೆಗೆ ನಾನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಬೇಕು.

ಹೋಗುವಾಗ ಬರುವಾಗ ಓಣಿಯ ಕಟ್ಟೆಯ ಮೇಲಿನ ಗಂಡಸರು ಬಿಡುತ್ತಿರಲಿಲ್ಲ. "ಏನ್ರಿ, ಹಾಲುಣಿಸಾಕ ಹೊಂಟೀರೇನು?" ಎನ್ನುವವನೊಬ್ಬ. ಅವನಿಗೆ ಆರು ಮಕ್ಕಳು. ಅವುಗಳಲ್ಲಿ ಒಂದರ ಮೂಗನ್ನಾದರೂ ಅವನು ಒರೆಸಿದ್ದನ್ನು ನಾನು ನೋಡಿರಲಿಲ್ಲ. ಇಂಥವರ ಮಾತಿಗೆ ನಾನು ಸೊಪ್ಪು ಹಾಕುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಕೂಸಿನ ಅರಿವೆಗಳನ್ನು ಒಗೆದು ಹಿತ್ತಲಿನ ಹಗ್ಗಕ್ಕೆ ಹಾಕದೆ ಒಳಕೋಣೆಯಲ್ಲಿ ಒಣಗಿಸುತ್ತಿದ್ದೆ. ಅಷ್ಟೇ ನನ್ನ ಧೈರ್ಯ.

ಕೂಸಿಗೆ ಎಂಟು ತಿಂಗಳಾದಾಗ ಸಿರುಗುಪ್ಪದಿಂದ ಅಕ್ಕಿ ಗಿರಣಿಯೊಂದರ ಗುಮಾಸ್ತ ಬಂದ. ಅವರ ಧಣಿಗಳು ಅಲ್ಲಿಯ ವರ್ತಕರ ಸಂಘಕ್ಕೆ ಅಧ್ಯಕ್ಷರಾಗಿದ್ದರಂತೆ. ಗಿರಣಿಯ ಆಳುಗಳೆಲ್ಲ ತಾವಾಗಿಯೇ, ಅಭಿಮಾನ ತಡೆಯಲಾರದೆ, ಬಿನ್ನವತ್ತಳೆ ಅರ್ಪಿಸಬೇಕೆಂದಿದ್ದರಂತೆ. ಆಳುಗಳ ಈ ಅಭಿಮಾನಕ್ಕೆ ಕಾಗದ, ಅಚ್ಚು, ಕಟ್ಟು ಎಲ್ಲದರ ಖರ್ಚು ಧಣಿಗಳದೇ. ಗುಮಾಸ್ತ ನನ್ನ ಹೆಗಲ ಮೇಲಿದ್ದ ಕೂಸನ್ನು ನೋಡಿದ, ಒದ್ದೆಯಾಗಿದ್ದ ಚಾಪೆಯನ್ನು ನೋಡಿದ, ಕೂಡಲಿಲ್ಲ.

"ಅಕ್ಕೋರ ಗಂಡ ಅಂದ್ರ ನೀವ ಏನ್ರಿ?" ಎಂದ. "ಧಣಿ ಮನ್ಯಾಗ ತೆಲುಗು ಮಾತಾಡ್ತಾರ. ಆದ್ರ ಸಮಾರಂಭಕ್ಕ ಬರೋ ಸರಕಾರಿ ಸಾಹೇಬ್ರು ಕನ್ನಡದೋರು ಅದಾರ. ಕನ್ನಡದಾಗ ಬರೀರಿ, ಪದ ಮಾತ್ರ ದೊಡ್ಡ ದೊಡ್ಡವು ಹಾಕ್ರಿ. ಬಂದು ನೀವ ಓದ್ಬೇಕು."

ಕಾಳುಕಡಿಗೆ ಕಂಟ್ರೋಲು ಇದ್ದ ಕಾಲ ಅದು. ಊರಿಗೆ ಊರೇ ರೇಷನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದಾಗ ಈ ಮಹಾಶಯ ಅಕ್ಕಿಯನ್ನು ಎಲ್ಲಿ ಬಚ್ಚಿಟ್ಟಿದ್ದ ಎಂದು ಬಳ್ಳಾರಿಯವರೆಗೂ ಮಾತಿತ್ತು. ಇಂಥವನಿಗೆ ಹೊಸದಾಗಿ ಪದ ಹುಡುಕಬೇಕೆ ಎನಿಸಿತು. ಟ್ರಂಕಿನಲ್ಲಿ ಎರಡು ವರ್ಷದ ಹಿಂದೆ ಒಬ್ಬ ಹೆಡ್‌ಮಾಸ್ತರರಿಗೆ ಬರೆದಿದ್ದ ಬಿನ್ನವತ್ತಳೆಯ ಪ್ರತಿ ಇತ್ತು. ಆ ಹೆಡ್‌ಮಾಸ್ತರರು ಒಳ್ಳೆಯವರು, ಅದನ್ನು ನಾನು ಮನಸ್ಸಿಟ್ಟು ಬರೆದಿದ್ದೆ. ಅದನ್ನೇ ತೆಗೆದು ಇನ್ನೊಂದು ಹಾಳೆಗೆ ಇಳಿಸಿದೆ. 'ವಿದ್ಯಾದಾನ' ಇದ್ದಲ್ಲಿ 'ಅನ್ನದಾನ' ಮಾಡಿದೆ. 'ಬಳ್ಳಾರಿ' ಇದ್ದಲ್ಲಿ 'ಸಿರುಗುಪ್ಪ'. ಮಾಸ್ತರರ ಹೆಸರಿದ್ದಲ್ಲಿ ಧಣಿಯ ಹೆಸರು ಬರೆದೆ. ಮುಗಿಯಿತು. ಅವತ್ತು ಕೂಸು, ಅಪರೂಪಕ್ಕೆ, ಎರಡು ತಾಸು ಕದಲದೆ ಮಲಗಿತ್ತು. ಪಕ್ಕದಲ್ಲಿ ನಾನೂ ಮಲಗಿ ನಿದ್ದೆ ಹೊಡೆದೆ.

ಸಮಾರಂಭದ ದಿನ ಹೆಂಡತಿಯ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು, ರಜೆ ಸಿಗುವ ಹಾಗಿರಲಿಲ್ಲ. ಕೂಸನ್ನು ಒಂದು ದಿನದ ಮಟ್ಟಿಗೆ ಕುರುಗೋಡಿನಲ್ಲಿ ಬಿಡಬಹುದಿತ್ತು. ಅತ್ತೆಗೆ ಆ ಸಂತೋಷ ಕೊಡುವುದಕ್ಕಿಂತ ಸಿರುಗುಪ್ಪದವರೆಗೆ ನಡೆದೇ ಹೋದೇನು ಎಂದುಕೊಂಡು, ಕೂಸನ್ನೂ ಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನೂ ಎತ್ತಿಕೊಂಡು ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸು ಹತ್ತಿದೆ. ದಾರಿಯಲ್ಲಿ ಎರಡು ಸಲ ಅರಿವೆ ಬದಲಿಸಿದೆ. ಎದುರಿಗೆ ಕೂತಿದ್ದ ಹೆಂಗಸು "ತಾಯಿ ಇಲ್ಲೇನಪ್ಪಾ ಕೂಸಿಗಿ?" ಎಂದು ಕಣ್ಣೊರೆಸಿಕೊಂಡಳು. ಇದ್ದಾಳೆ ಎಂದು ಹೇಳುವ ವ್ಯವಧಾನ ನನಗೆ ಇರಲಿಲ್ಲ.

ಗಿರಣಿಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಗಿರಣಿಯ ಕೊಳೆನೀರು ಹರಿಯುವ ಮೋರಿಯ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಜಮಖಾನೆ ಹಾಸಿದ್ದರು. ಮೂಗಿಗೆ ಹಾಸುವ ಜಮಖಾನೆ ಯಾರ ಬಳಿಯೂ ಇರಲಿಲ್ಲ. ಕೂಸು ಬೇರೆಯವರ ಕೈಗೆ ಹೋಗಲು ಒಪ್ಪದೆ ಕಿರುಚಿತು. ಅದನ್ನು ಎಡಗೈಯಲ್ಲಿ ಎತ್ತಿಕೊಂಡೇ ಓದಲು ನಿಂತೆ. ಸಾಹೇಬರು ಕಣ್ಣು ಮುಚ್ಚಿ ಕೂತಿದ್ದರು. ಧಣಿ ತಲೆಯ ಪಟಗ ಸರಿಮಾಡಿಕೊಂಡು, ಪ್ರತಿ ಪದಕ್ಕೂ ತಲೆಯಾಡಿಸುತ್ತಿದ್ದ. 'ಅನ್ನದಾತ' ಎಂದಾಗ ಅವನ ಕಣ್ಣಲ್ಲಿ ನೀರು ಬಂತು. ತನ್ನ ಬಗ್ಗೆ ತಾನೇ ಬರೆಸಿದ ಸುಳ್ಳಿಗೆ ತಾನೇ ಅಳುವ ಮನುಷ್ಯನನ್ನು ನಾನು ಅಂದೇ ನೋಡಿದ್ದು. ಆ ತಿರಸ್ಕಾರದ ಹುಮ್ಮಸ್ಸಿನಲ್ಲಿ ದನಿ ಏರಿಸಿ ಮುಂದಿನ ಸಾಲು ಓದಿದೆ:

'ಸಿರುಗುಪ್ಪದ ಗಾಳಿಯೆಲ್ಲ ತಮ್ಮ ಕಂಪಿನಿಂದ ತುಂಬಿಹೋಗಿದೆ.'

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಂಪು ಅಂದರೆ ಕನ್ನಡದಲ್ಲಿ ಸುವಾಸನೆ. ತೆಲುಗಿನಲ್ಲಿ ಕಂಪು ಅಂದರೆ ಗಬ್ಬುನಾತ. ಬಳ್ಳಾರಿ ಸೀಮೆಯಲ್ಲಿ ಎರಡೂ ಭಾಷೆ ಕಿವಿಗೆ ಬಿದ್ದೇ ಮಕ್ಕಳು ಬೆಳೆಯುತ್ತವೆ, ಲೇಖನಿ ಹಿಡಿಯುವವರಿಗೆ ಇದು ಮೊದಲ ಪಾಠ. ತೆಲುಗು ಮಾತಿನವರಿಗೆ ಬರೆಯುವಾಗ ಪರಿಮಳ ಎನ್ನಬೇಕು, ಅದು ಎರಡೂ ಕಡೆ ನಡೆಯುತ್ತದೆ. ಹೆಡ್‌ಮಾಸ್ತರರು ಕನ್ನಡದವರಾಗಿದ್ದರು, ಅವರಿಗೆ ಕಂಪು ಬರೆದಿದ್ದೆ. ಧಣಿಗೆ ಕೊಡುವಾಗ ಅದನ್ನು ಓದಿ ನೋಡಬೇಕು ಎಂದೂ ನನಗೆ ಅನಿಸಿರಲಿಲ್ಲ.

ಮೊದಲು ಹಿಂದಿನ ಸಾಲಿನ ಹಮಾಲರು ನಕ್ಕರು. ಒಬ್ಬ "ನಿಜಮೇ ಚೆಪ್ಪಿನಾಡಪ್ಪಾ" ಎಂದ. ನಿಜವನ್ನೇ ಹೇಳಿದ ಎಂದ ಮೇಲೆ ಮೋರಿಯ ಕಡೆ ನೋಡದವರು ಯಾರೂ ಉಳಿಯಲಿಲ್ಲ. ಚಪ್ಪರವೆಲ್ಲ ನಗುತ್ತಿತ್ತು. ಸಾಹೇಬರು ಕಣ್ಣು ತೆರೆದರು. ಧಣಿ ಎದ್ದು ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಏನಂದಿ?" ಎಂದು ಕೇಳಿದ.

ಕನ್ನಡದಲ್ಲಿ ಅದರ ಅರ್ಥ ಬೇರೆ ಎಂದು ಹೇಳಬಹುದಿತ್ತು. ತಪ್ಪು ನನ್ನದು ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು: "ಕೂಸಿನ ಕಾಟದಾಗ ತಪ್ಪಾತ್ರಿ ಧಣಿ. ನೆಟ್ಟಗ ಬರಿಯಾಕ ಬಿಡಂಗಿಲ್ಲ ಇದು."

ಎಲ್ಲರೂ ಕೂಸನ್ನು ನೋಡಿದರು. ಅದು ನನ್ನ ಕಿವಿ ಹಿಡಿದುಕೊಂಡು ಅವರನ್ನು ನೋಡಿ ನಕ್ಕಿತು. ಧಣಿಯ ಸಿಟ್ಟು ಇಳಿಯಿತು. ಮನೆಯ ಹೆಂಗಸರು ಕೂಸಿಗೆ ಹಾಲು ಕೊಟ್ಟರು, ಅಯ್ಯೋ ಪಾಪ ಎಂದರು, ನನಗೆ ಊಟ ಹಾಕಿದರು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಾನು ಎಂಟು ತಿಂಗಳ ಕೂಸನ್ನು ಡೊಂಕು ಎಂದೆ, ಎಂದು ಊಟ ಮಾಡಿ ಬಂದೆ. ಅಲ್ಲಿಯವರೆಗೆ ಲೋಕವನ್ನೆಲ್ಲ ಹಳಿದುಕೊಂಡು ಬಂದವನು ನಾನು. ಅವತ್ತು ವಾಪಸು ಬರುವ ಬಸ್ಸಿನಲ್ಲಿ ಆ ಕಟ್ಟೆಯ ಮೇಲಿನ ಆರು ಮಕ್ಕಳ ತಂದೆಯೂ ನನಗಿಂತ ವಾಸಿ ಎನಿಸಿತು.

ನಾನು ಬಳ್ಳಾರಿ ಮುಟ್ಟುವ ಮೊದಲೇ ಮಾತು ಕುರುಗೋಡು ಮುಟ್ಟಿತ್ತು. ಮೂರನೆಯ ದಿನ ಸಂಜೆ ಅತ್ತೆ ಬಂದರು. ಕಂಕುಳಲ್ಲಿ ಹೊಸ ಕೌದಿ ಇತ್ತು, ಕೂಸನ್ನು ಸುತ್ತಿ ಒಯ್ಯಲೆಂದೇ ಹೊಲಿದದ್ದು. ಹೆಂಡತಿ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಅತ್ತೆ ನೀರು ಕೂಡ ಕುಡಿಯಲಿಲ್ಲ.

"ಇದು ನಾ ಹುಟ್ಟಿಸಿದ ಮಾತಲ್ಲವ್ವ. ಸಿರುಗುಪ್ಪದಾಗ ಮಂದಿ ಮುಂದ ನಿನ್ನ ಗಂಡನ ಬಾಯಿಂದನ ಬಂದೈತಿ. ಕೂಸಿನಿಂದ ಕೆಲಸ ಕೆಟ್ಟೈತಿ. ಅರಿವಿ ಕಟ್ಟು."

ಹೆಂಡತಿ ನನ್ನ ಕಡೆ ತಿರುಗಿದಳು. "ಖರೇನ್ರಿ?"

ಹೌದು ಎಂದರೆ ಸಾಕಿತ್ತು. ಸುಳ್ಳು ಆಗಲೇ ತಯಾರಾಗಿತ್ತು, ಹೊಸದಾಗಿ ಹೆಣೆಯುವ ಕೆಲಸವೂ ಇರಲಿಲ್ಲ. ಕೂಸು ಕುರುಗೋಡಿಗೆ ಹೋದರೆ ನನಗೆ ಇಡೀ ಹಗಲು ಸಿಗುತ್ತಿತ್ತು. ಓಣಿಯವರ ಬಾಯಿ ಮುಚ್ಚುತ್ತಿತ್ತು. ಬರೆಯಬೇಕೆಂದಿದ್ದ ಕಾದಂಬರಿ ಬರೆಯಬಹುದಿತ್ತು. ಇದೆಲ್ಲ ಒಂದು ಗಳಿಗೆಯಲ್ಲಿ ತಲೆಯೊಳಗೆ ಹಾದುಹೋಯಿತು, ಹೋಗಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಕೂಸು ಅತ್ತೆಯ ಕೈಯಲ್ಲಿತ್ತು. ಅವರು ಆಗಲೇ ಕೌದಿ ಸುತ್ತತೊಡಗಿದ್ದರು.

ಟ್ರಂಕು ತೆಗೆದು ಹೆಡ್‌ಮಾಸ್ತರರ ಬಿನ್ನವತ್ತಳೆ, ಧಣಿಯ ಬಿನ್ನವತ್ತಳೆಯ ಪ್ರತಿ, ಎರಡೂ ಕಾಗದಗಳನ್ನು ಹೆಂಡತಿಯ ಮುಂದಿಟ್ಟೆ. ಅವಳು ಅಕ್ಕೋರು. ಪರೀಕ್ಷೆಯಲ್ಲಿ ನಕಲು ಹಿಡಿಯುವ ಹಾಗೆ ಎರಡರ ಮೇಲೂ ಬೆರಳಿಟ್ಟು ಸಾಲು ಸಾಲು ಓದಿದಳು.

"ಕೂಸು ಅವತ್ತು ಮಲಗಿತ್ತು" ಎಂದೆ. "ಎರಡು ತಾಸು. ನಾನೂ ಮಲಗಿದ್ದೆ."

ಅತ್ತೆಗೆ ಓದು ಬರುತ್ತಿರಲಿಲ್ಲ. "ಏನೈತಿ ಅದ್ರಾಗ?" ಎಂದು ಮಗಳನ್ನು ಕೇಳಿದರು.

"ಯಾರಿಗೋ ಬರೆದ ಹಳೇದಕ್ಕ ಹೆಸರು ತಿದ್ದಿ ಕೊಟ್ಟಾರವ್ವ. ತಂಗಳು."

"ಮಂದಿಗಿ ತಂಗಳು ಬಡಿಸಾವ್ರು, ಕೂಸಿಗಿ ಏನು ಹಾಕ್ಯಾರೋ ಯಾರಿಗ್ಗೊತ್ತು?"

"ನನಗ ಗೊತ್ತು" ಎಂದಳು ಹೆಂಡತಿ. "ಐದು ತಿಂಗಳಾತು, ಸಾಲಿಂದ ಬಂದ ಕೂಡ್ಲೆ ಗಂಜಿ ಪಾತ್ರಿ ಮೂಸಿ ನೋಡ್ತೀನಿ. ಒಂದ ದಿನಾನೂ ಮುಂಜಾನಿದು ಮಧ್ಯಾಹ್ನಕ್ಕ ಇಟ್ಟಿಲ್ಲ."

ಐದು ತಿಂಗಳು ದಿನಾ ನನ್ನ ಇನ್‌ಸ್ಪೆಕ್ಷನ್ ನಡೆದಿತ್ತು, ನನಗೆ ಸುಳಿವೇ ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬರುತ್ತಲೂ ಇತ್ತು. ಅಷ್ಟರಲ್ಲಿ ಅತ್ತೆ ಕೂಸನ್ನು ಕೌದಿಯಿಂದ ಬಿಡಿಸಿ ನೆಲದ ಮೇಲೆ ಬಿಟ್ಟರು. ಅದು ತೆವಳಿಕೊಂಡು ಬಂದು ನನ್ನ ಧೋತರ ಹಿಡಿಯಿತು. ಅತ್ತೆ ಕೌದಿಯನ್ನು ಮಡಚಿ ಮಗ್ಗುಲಿಗಿಟ್ಟರು. ಆಮೇಲೆ ಮಗಳಿಗೆ ಹೇಳಿದರು:

"ಹಂಗಾದ್ರ ಕೂಸು ಇಲ್ಲೇ ಇರ್ಲಿ. ಬರಿಯೋದು ಬಿಡಿಸು."

ಹೆಂಡತಿ ಏನಾದರೂ ಹೇಳುತ್ತಾಳೆ, ನನ್ನ ಬರವಣಿಗೆಯ ಪರವಾಗಿ ಒಂದು ಮಾತಾದರೂ ಆಡುತ್ತಾಳೆ ಎಂದು ಕಾದೆ. ಅವಳು ಆ ಎರಡು ಕಾಗದಗಳನ್ನು ಮಡಚಿ ನನ್ನ ಕೈಗೆ ಕೊಟ್ಟು, ತಾಯಿಗೆ ನೀರು ತರಲು ಒಳಗೆ ಹೋದಳು.